ರಾತ್ರಿಯನ್ನು ಅಳೆಯುವ ಅವರೆ

ದೀಪಾವಳಿ ಕಳೆದು ಹಿಂಗಾರಿನ ಮೋಡ ಚದುರುತ್ತಿದ್ದಂತೆ ಕ್ಯಾಸಂಬಳ್ಳಿ, ಬೇತಮಂಗಲ, ಬಂಗಾರಪೇಟೆ ಕಡೆಯ ಹಿತ್ತಿಲುಗಳಲ್ಲಿ ಮಾಗಿಯ ಕೆಲಸ ಶುರುವಾಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ತಯಾರಿ ಎಂದರೆ ಗಿಡ ಹೆಪ್ಪುಗಟ್ಟದಂತೆ ಕಾಯುವುದು. ನಮಗೆ ಆ ಪಾಡಿಲ್ಲ. ನಮ್ಮ ಅವರೆಗೆ ಮಾಗಿ ಬಂದದ್ದು ತಿಳಿಯುವುದು ಮುಖ್ಯವಾಗಿ ಕತ್ತಲೆಯಿಂದ.

ನಾಟಿ ಅವರೆಯನ್ನು ಆಷಾಢದಲ್ಲಿ ಊರಿ, ಶ್ರಾವಣದಲ್ಲಿ ಊರಿ, ಹೂ ಬಿಡುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಮೊದಲು ಊರಿದ್ದು ಅಷ್ಟರಲ್ಲಿ ಚಪ್ಪರ ತುಂಬಿರುತ್ತದೆ, ತಡವಾಗಿ ಊರಿದ್ದು ಇನ್ನೂ ಎಳೆಯದಾಗಿರುವಾಗಲೇ ಹೂ ಬಿಟ್ಟು ಕಡಿಮೆ ಕಾಯಿ ಕೊಡುತ್ತದೆ. ನಾವಿರುವುದು ಸಮಭಾಜಕದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿ. ಜೂನ್‌ನಲ್ಲಿ ಹಗಲು 13 ಗಂಟೆಗೆ ಹತ್ತಿರವಾದರೆ ಡಿಸೆಂಬರ್‌ನಲ್ಲಿ ಹನ್ನೊಂದೂಕಾಲು ಗಂಟೆಯ ಆಸುಪಾಸು. ಸುಮಾರು ಒಂದೂವರೆ ಗಂಟೆಯ ಈ ವ್ಯತ್ಯಾಸವೇ ಅವರೆಗೆ ಸಾಕು!

ಹಗಲಿನ ಉದ್ದಕ್ಕೂ ಹೂವಿಗೂ ನಂಟಿದೆಯೆಂದು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತಂಬಾಕು, ಸೋಯಾ ಗಿಡಗಳಲ್ಲಿ ತೋರಿಸಿದರು. ಗಿಡ ನಿಜವಾಗಿ ಲೆಕ್ಕ ಇಡುವುದು ಎಡೆಬಿಡದ ಕತ್ತಲನ್ನು ಎಂಬುದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಮಾಡಿದ ಪ್ರಯೋಗದಿಂದ ಗೊತ್ತಾಯಿತು. ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಾಯಿಸಿದರೂ ಅವರ ಗಿಡ ಹೂ ಬಿಡಲಿಲ್ಲ. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣಕ ಬೆಳಕು ಬಿದ್ದರೆ ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲಲ್ಲಿ ನಿಧಾನವಾಗಿ ಹಿಂದಿನ ರೂಪಕ್ಕೆ ಮರಳುತ್ತದೆ. ನಡುವೆ ಬೆಳಕು ಬಿದ್ದರೆ ಆ ರಾತ್ರಿಯ ಲೆಕ್ಕ ಕೆಟ್ಟಂತೆ.

ಹಾಗಾಗಿ ನನ್ನ ಮೊದಲ ಸಲಹೆ ಗೊಬ್ಬರದ್ದಲ್ಲ, ಬಲ್ಬಿನದು. ಹಿತ್ತಿಲ ಬಾಗಿಲ ದೀಪ ಚಪ್ಪರದ ಮೇಲೆ ರಾತ್ರಿಯಿಡೀ ಉರಿಯದಿರಲಿ. ಬೀದಿದೀಪದ ಪಕ್ಕದ ಸೋಯಾ ಗಿಡಗಳು, ಉಳಿದ ಹೊಲ ಮಾಗಿದ ಮೇಲೂ ಹಸಿರಾಗಿಯೇ ನಿಂತಿರುವುದನ್ನು ರೈತರು ಕಂಡಿದ್ದಾರೆ. ಬಿತ್ತನೆ ತಪ್ಪಿಹೋಗಿದ್ದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಇದೆ. ಅದಕ್ಕೆ ಹಗಲಿರುಳಿನ ಅಳತೆಯ ಹಂಗಿಲ್ಲ, ಯಾವಾಗ ಊರಿದರೂ ಕಾಯಿ ಬಿಡುತ್ತದೆ. ಸೊಗಡಿಗೆ ಮಾತ್ರ ನಾಟಿಯೇ ಸರಿ ಎನ್ನುವವರ ಪೈಕಿ ನಾನೂ ಒಬ್ಬ. ಕಾಯಿ ಬಿಡಿಸುವಾಗ ಬೆರಳಿಗೆ ಅಂಟುವ ಎಣ್ಣೆಯಂಥ ಜಿಡ್ಡಿನಲ್ಲೇ ಆ ಸೊಗಡಿದೆ.

ಇನ್ನು ಇಬ್ಬನಿ. ಮೋಡವಿಲ್ಲದ ರಾತ್ರಿ ನೆಲದ ಬಿಸಿ ಆಕಾಶಕ್ಕೆ ಸೋರಿಹೋಗಿ, ಎಲೆ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಆಗ ಗಾಳಿಯ ತೇವ ಎಲೆಯ ಮೇಲೆ ಹನಿಯಾಗಿ ಕೂರುತ್ತದೆ. ಪಕ್ಕದ ಟೊಮೆಟೊಗೆ ಇದೇ ಅಪಾಯ. ಎಲೆ ಗಂಟೆಗಟ್ಟಲೆ ಒದ್ದೆಯಿದ್ದು ಹವೆಯೂ ತಂಪಾಗಿದ್ದರೆ ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ಪಾತಿಯನ್ನೇ ಹಬ್ಬುತ್ತದೆ. ಸಂಜೆ ನೀರು ಹಾಯಿಸಿ ಆ ಒದ್ದೆಯನ್ನು ಇನ್ನಷ್ಟು ಉದ್ದ ಮಾಡಬೇಡಿ. ನೀರು ಬೆಳಿಗ್ಗೆ, ಅದೂ ಬುಡಕ್ಕೆ. ಕೆಳಗಿನ ಎಲೆ ಸವರಿ, ಗಿಡಕ್ಕೆ ಕೋಲು ಕಟ್ಟಿ ಗಾಳಿಯಾಡಲು ಬಿಡಿ.

ಕೊನೆಯ ಮಳೆಯ ತೇವ ಆರುವ ಮೊದಲು ಬುಡಕ್ಕೆ ನಾಲ್ಕು ಬೆರಳಷ್ಟು ಹೊಂಗೆ ತರಗು ಹರಡಿ, ಕಾಂಡಕ್ಕೆ ತಾಗದಂತೆ. ನಮ್ಮ ಕೆಂಪು ಮಣ್ಣು ಬೇಗ ಒಣಗುತ್ತದೆ, ಸಂಕ್ರಾಂತಿ ಕಳೆದರೆ ಬೇಸಿಗೆ ಮಳೆಯವರೆಗೆ ಹೆಚ್ಚೇನೂ ಬೀಳುವುದಿಲ್ಲ.