ಅನ್ನ ಬಿಟ್ಟು ಮೊಟ್ಟೆ ಹಿಡಿದರೆ ಮೂತ್ರಪಿಂಡಕ್ಕೇನಾದೀತು?

ಮದುವೆಗಳ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಈಗ ಹೊಸದೊಂದು ಪಥ್ಯ ಆರಂಭವಾಗುತ್ತದೆ. ಗಲ್ಫಿನಿಂದ ರಜೆಯಲ್ಲಿ ಬಂದ ಮಗ ಕುಚ್ಚಲಕ್ಕಿ ಗಂಜಿ ಮುಟ್ಟುವುದಿಲ್ಲ. ಬೆಳಿಗ್ಗೆ ಆರು ಮೊಟ್ಟೆ, ಮಧ್ಯಾಹ್ನ ಎಲುಬಿಲ್ಲದ ಅರ್ಧ ಕಿಲೋ ಕೋಳಿ, ಸಂಜೆಗೆ ಡಬ್ಬದ ಪುಡಿ. ಹದಿನೈದು ದಿನಗಳಲ್ಲಿ ಮೂರು ನಾಲ್ಕು ಕಿಲೋ ಇಳಿಯುತ್ತಾನೆ. ಅದನ್ನು ಕಂಡು, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ತಂದೆಯೂ “ನನಗೂ ಅದನ್ನೇ ಕೊಡು ಮಗಾ” ಎನ್ನುತ್ತಾರೆ. ಮಗನ ವಿಷಯದಲ್ಲಿ ನನಗೆ ಅಷ್ಟು ಚಿಂತೆಯಿಲ್ಲ. ತಂದೆಯ ವಿಷಯದಲ್ಲಿ ಇದೆ.

ಈ ಪಥ್ಯ ಹೊಸದೇನಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುತ್ತಿದ್ದ ವಿಲಿಯಂ ಬ್ಯಾಂಟಿಂಗ್ ಎಂಬವರು ಬ್ರೆಡ್, ಸಕ್ಕರೆ, ಬಟಾಟೆ ಬಿಟ್ಟು ಮಾಂಸ ತಿಂದು ತೆಳ್ಳಗಾದ ಕಥೆಯನ್ನು 1863ರಲ್ಲೇ ಪುಸ್ತಿಕೆ ಮಾಡಿ ಹಂಚಿದ್ದರು. ತೂಕ ಇಳಿಯುವುದು ಸುಳ್ಳಲ್ಲ. ಆದರೆ ಮೊದಲ ವಾರ ಇಳಿಯುವುದರಲ್ಲಿ ಹೆಚ್ಚಿನದು ನೀರು. ಅನ್ನ ನಿಂತೊಡನೆ ದೇಹ ಕೂಡಿಟ್ಟ ಗ್ಲೈಕೋಜನ್ ಕರಗುತ್ತದೆ. ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರೂ ಹೊರಟುಹೋಗುತ್ತದೆ.

ಮೂತ್ರಪಿಂಡದ ಪಾಡು ಕೃಷಿಕರಾದ ನಮಗೆ ಬೇಗ ಅರ್ಥವಾಗಬೇಕು. ಸಸಾರಜನಕ, ಅಂದರೆ ಪ್ರೊಟೀನಿನಲ್ಲಿ, ಸುಮಾರು 16 ಶೇಕಡಾ ಸಾರಜನಕವಿದೆ. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾದುದನ್ನು ಯಕೃತ್ತು ಯೂರಿಯಾ ಮಾಡುತ್ತದೆ. ಹೌದು, ನಾವು ಅಡಿಕೆ ಮರದ ಬುಡಕ್ಕೆ ಹಾಕುವ ಅದೇ ಯೂರಿಯಾ! 100 ಗ್ರಾಂ ಸಸಾರಜನಕ ಪೂರ್ತಿ ಉರಿದರೆ ಸುಮಾರು 30 ಗ್ರಾಂ ಯೂರಿಯಾ ಹುಟ್ಟುತ್ತದೆ. ಅದನ್ನು ಸೋಸಿ ಹೊರಹಾಕುವ ಕೆಲಸ ಮುಖ್ಯವಾಗಿ ಮೂತ್ರಪಿಂಡಗಳದ್ದು. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಸೋಸುಕಗಳಿವೆ. ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸುತ್ತವೆ. ಮಾಂಸ ಹೆಚ್ಚಾದಾಗ ಅವು ಇನ್ನೂ ಜೋರಾಗಿ ದುಡಿಯುತ್ತವೆ. ಆರೋಗ್ಯವಂತರಿಗೆ ಇದರಿಂದಲೇ ಮೂತ್ರಪಿಂಡ ಕೆಡುತ್ತದೆಂದು ಖಚಿತವಾಗಿ ಸಾಬೀತಾಗಿಲ್ಲ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಅರ್ಧ ಸೋಸುಕಗಳು ಸತ್ತುಹೋಗಿದ್ದರೆ? ನಾಲ್ಕು ಆಳಿನ ಕೆಲಸ ಇಬ್ಬರ ತಲೆಗೆ ಬಿದ್ದಂತೆ, ಉಳಿದವೂ ಬೇಗ ಸೋಲುತ್ತವೆ. ಅಮೇರಿಕದ ದಾದಿಯರನ್ನು 11 ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದದ್ದೂ ಇದೇ: ಮೂತ್ರಪಿಂಡ ಸರಿಯಿದ್ದವರಲ್ಲಿ ವ್ಯತ್ಯಾಸವಿಲ್ಲ, ಸ್ವಲ್ಪ ಕುಗ್ಗಿದ್ದವರಲ್ಲಿ ಹೆಚ್ಚು ಸಸಾರಜನಕ, ಅದರಲ್ಲೂ ಮಾಂಸದ್ದು, ತಿಂದವರ ಮೂತ್ರಪಿಂಡ ಬೇಗ ಇಳಿಮುಖವಾಯಿತು.

ತೊಂದರೆಯೆಂದರೆ, ಕುಗ್ಗಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ಕಾಲು ಬಾತು, ವಾಂತಿ ಶುರುವಾಗುವ ಹೊತ್ತಿಗೆ ಕಾಲ ಮೀರಿರುತ್ತದೆ.

ಹಾಗಾದರೆ ಎಷ್ಟು ಬೇಕು? ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಅರುವತ್ತು ಕಿಲೋ ತೂಗುವವರಿಗೆ 50 ಗ್ರಾಂ. ಮೇಲೆ ಹೇಳಿದ ಮಗನ ಲೆಕ್ಕ 150 ಗ್ರಾಂ ದಾಟುತ್ತದೆ. ಇದನ್ನು ಓದಿ ಮಕ್ಕಳಿಗೆ, ಬಾಣಂತಿಯರಿಗೆ ಮೊಟ್ಟೆ ನಿಲ್ಲಿಸಬೇಡಿ! ನಮ್ಮ ಹೆಚ್ಚಿನ ಮನೆಗಳ ಬಟ್ಟಲಲ್ಲಿ ಅನ್ನದ ಗುಡ್ಡ, ಅದರ ಬದಿಯಲ್ಲಿ ಚೂರು ಪಲ್ಯ. ಆ ಗುಡ್ಡವನ್ನು ಅರ್ಧ ಮಾಡಿ ಹುರುಳಿ, ಹೆಸರು, ಒಂದು ಬಂಗುಡೆ, ಒಂದಿಷ್ಟು ಬಸಳೆ ಸೇರಿಸಿದರೆ ತೂಕವೂ ನಿಧಾನವಾಗಿ ಇಳಿದೀತು. ಡಬ್ಬದ ಪುಡಿ ಬೇಡವೆಂದು ಅದೇ ಮಂಡಳಿಯ 2024ರ ಮಾರ್ಗದರ್ಶಿಯೂ ಹೇಳಿದೆ. ಮೂತ್ರಪಿಂಡ ಈಗಾಗಲೇ ಕುಗ್ಗಿದ್ದರೆ ದಿನಕ್ಕೆ ಕಿಲೋಗೆ 0.8 ಗ್ರಾಂ ಸಾಕು. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಹೆಚ್ಚೇ ಬೇಕು; ಅವರು ನೆರೆಮನೆಯವರ ಮಾತು ಕೇಳಿ ಮೀನು, ಮೊಟ್ಟೆ ಬಿಡಬಾರದು.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಅನ್ನ ನಿಲ್ಲಿಸಿದರೆ ಸಕ್ಕರೆ ಕುಸಿದು ತೋಟದಲ್ಲೇ ಬೀಳುವ ಅಪಾಯವೂ ಇದೆ. ಇನ್ನೊಂದು ಮಾತು: ಬಿಸಿಲಲ್ಲಿ ನೀರು ಕುಡಿಯದೆ ದುಡಿದು, ರಾತ್ರಿ ಸೊಂಟ ನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸ ಮೂತ್ರಪಿಂಡಕ್ಕೆ ಕೋಳಿಗಿಂತಲೂ ಕೆಟ್ಟದ್ದು.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಪಥ್ಯ ಹಿಡಿಯುವುದಿದ್ದರೆ ಅದಕ್ಕೆ ಮೊದಲೇ. ಪರೀಕ್ಷೆಯ ಹಿಂದಿನ ರಾತ್ರಿ ಹಬ್ಬದೂಟ ಬೇಡ, ಬೇಯಿಸಿದ ಮಾಂಸದಿಂದಲೂ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಪುಡಿ ತಿನ್ನುತ್ತಿದ್ದರೆ ಡಬ್ಬವನ್ನೇ ಕೊಂಡುಹೋಗಿ ಡಾಕ್ಟರಿಗೆ ತೋರಿಸಿ.