ಪಾತ್ರಕ್ಕೆ ವಂತಿಗೆ, ಮಂಡಳಿಗೆ ಧನಸಹಾಯ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಯ ಹೆಸರೆತ್ತಿದೊಡನೆ ಬೆಂಗಳೂರಿನ ಜನಕ್ಕೆ ನೆನಪಾಗುವುದು ಚಿಕ್ಕಮಧುರೆಯ ಶನಿಮಹಾತ್ಮಸ್ವಾಮಿಯ ದೇವಸ್ಥಾನ. ಶ್ರಾವಣದ ಶನಿವಾರಗಳಲ್ಲಿ ಎಳ್ಳಿನ ದೀಪ ಹಚ್ಚುವುದಕ್ಕೆಂದು ಅಲ್ಲಿಗೆ ಬಂದುಹೋಗುವವರು ಅಸಂಖ್ಯಾತರು. ಆದರೆ ಕಣದ ಕೆಲಸವೆಲ್ಲ ಮುಗಿದು, ರಾಗಿ ಮನೆಗೆ ಸೇರಿ, ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸುವ ಹೊತ್ತಿಗೆ ಈ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯೂಟವಾದ ಮೇಲೆ ಕೇಳಿಬರುವ ಹಾರ್ಮೋನಿಯಂ ನಾದವನ್ನೂ, ಆ ನಾದದ ಬೆನ್ನುಹಿಡಿದು ಏರುಕಂಠದಲ್ಲಿ ಹೊರಡುವ ದುರ್ಯೋಧನನ ಕಂದಪದ್ಯವನ್ನೂ ಕೇಳಿದವರು ನಗರದಲ್ಲಿ ಸ್ವಲ್ಪವೇ ಮಂದಿ.

ಗ್ರಾಮದೇವತೆಯ ಹೆಸರಿನ ಮುಂದೆ ‘ಕೃಪಾಪೋಷಿತ ನಾಟಕ ಮಂಡಳಿ’ ಎಂಬ ಮಾತನ್ನು ಸೇರಿಸಿಕೊಂಡು ಬಾಳುತ್ತಿರುವ ಈ ಹಳ್ಳಿಗಳ ಹವ್ಯಾಸಿ ಸಂಘಗಳಲ್ಲಿ ಬೇಸಾಯಗಾರರಿದ್ದಾರೆ, ಡೇರಿಗೆ ಹಾಲು ಹಾಕುವವರಿದ್ದಾರೆ, ದೊಡ್ಡಬಳ್ಳಾಪುರದ ಮಗ್ಗಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿದು ಸಂಜೆಯ ಬಸ್ಸಿಗೆ ಊರಿಗೆ ಮರಳುವವರಿದ್ದಾರೆ. ಇವರು ಆಡುವ ನಾಟಕಗಳ ಮೂಲ ವೃತ್ತಿನಾಟಕ ಕಂಪನಿಗಳಲ್ಲಿದೆ. 1884ರಲ್ಲಿ ಜನ್ಮತಾಳಿದ ಗುಬ್ಬಿ ಕಂಪನಿಯು ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಆಡಿದ ‘ಕುರುಕ್ಷೇತ್ರ’ದ ಕೀರ್ತಿ ಹಳೆಯ ಮೈಸೂರಿನ ಹಳ್ಳಿಹಳ್ಳಿಗೂ ಹರಡಿತು; ಕಂಪನಿಗಳು ಒಂದೊಂದಾಗಿ ಡೇರೆ ಮಡಿಸಿದ ಮೇಲೆ ಅವುಗಳ ಮಟ್ಟುಗಳನ್ನು ಕಂಠದಲ್ಲಿಟ್ಟುಕೊಂಡು ಊರೂರು ತಿರುಗಿ ಕಲಿಸಿದವರು ನಾಟಕದ ಮೇಷ್ಟ್ರುಗಳು. ಅವರ ಶಿಷ್ಯರ ಶಿಷ್ಯರು ಇಂದಿಗೂ ಕಲಿಸುತ್ತಿದ್ದಾರೆ.

ತಾಲೀಮೆಂಬುದು ಎರಡು ಮೂರು ತಿಂಗಳ ವ್ರತ. ದೇವಸ್ಥಾನದ ಜಗಲಿಯ ಮೇಲೋ ಶಾಲೆಯ ಕೊಠಡಿಯಲ್ಲೋ ಮೇಷ್ಟ್ರು ಲೆಗ್ ಹಾರ್ಮೋನಿಯಂ ಮುಂದೆ ಕುಳಿತು, ಕಾಲಿನಿಂದ ತಿದಿಯೊತ್ತುತ್ತ ಎರಡು ಕೈಗಳನ್ನೂ ಮನೆಗಳ ಮೇಲೆ ಓಡಿಸುತ್ತ, ಭೀಮನ ಪಾತ್ರಧಾರಿಗೆ ಒಂದು ಪದ್ಯದ ಎತ್ತುಗಡೆಯನ್ನು ಹೇಳಿಕೊಡುತ್ತಾರೆ. ಅಕ್ಷರ ಬಾರದವನಾದರೆ ಪಕ್ಕದಲ್ಲಿ ಇನ್ನೊಬ್ಬನು ಕುಳಿತು ಕೈಬರಹದ ಪುಸ್ತಕದಿಂದ ಸಾಲುಸಾಲಾಗಿ ಓದಬೇಕು. ಪಾತ್ರಧಾರಿಯು ಅದನ್ನು ಮರುದಿನ ಹೊಲದಲ್ಲಿ ನೀರು ಕಟ್ಟುವಾಗ ಬಾಯಿಪಾಠ ಮಾಡಬೇಕು. ಸಂಜೆ ಬಂದು ಒಪ್ಪಿಸಬೇಕು. ಮಹಾಭಾರತದ ಉದ್ಯೋಗಪರ್ವದ ರಾಜನೀತಿಯೆಲ್ಲ ಪಾಠಶಾಲೆಯ ಹಂಗಿಲ್ಲದೆ ಹೀಗೆ ಒಬ್ಬ ರೈತನ ನಾಲಗೆಯ ಮೇಲೆ ನೆಲಸುವುದನ್ನು ಕಂಡವರಿಗೆ ವಿದ್ಯೆಯ ವಿಷಯದಲ್ಲಿ ತಮಗಿದ್ದ ಅನೇಕ ಭಾವನೆಗಳು ಬದಲಾಗುವುವು.

ಇಂತಹ ನಾಟಕಕ್ಕೆ ತಗಲುವ ವೆಚ್ಚ ಸಾಮಾನ್ಯವಲ್ಲ. ಮೇಷ್ಟ್ರ ಸಂಭಾವನೆ, ತಬಲಾದವರು, ಸೀನರಿ, ವೇಷಭೂಷಣ, ಧ್ವನಿವರ್ಧಕ, ದೀಪ, ದ್ರೌಪದಿ ರುಕ್ಮಿಣಿಯರ ಪಾತ್ರಕ್ಕೆ ಹೊರಗಿನಿಂದ ಕರೆಸುವ ಕಲಾವಿದೆಯರ ಗೌರವಧನ, ಎಲ್ಲವನ್ನೂ ಕೂಡಿಸಿದರೆ ಒಂದೇ ರಾತ್ರಿಯ ಪ್ರದರ್ಶನಕ್ಕೆ ಮೊತ್ತವು ಲಕ್ಷದ ಗಡಿಯನ್ನು ದಾಟುವುದು ಸಾಮಾನ್ಯ. ಪ್ರವೇಶಕ್ಕೆ ಟಿಕೆಟ್ ಇಲ್ಲ. ನಟರಿಗೆ ಸಂಬಳವೂ ಇಲ್ಲ; ನಟರೇ ಹಣ ಕೊಡುತ್ತಾರೆ! ಕೃಷ್ಣನಿಗಿಷ್ಟು, ದುರ್ಯೋಧನನಿಗಿಷ್ಟು, ವಿದುರನಿಗೆ ಅದಕ್ಕಿಂತ ಕಡಿಮೆ ಎಂದು ಪಾತ್ರದ ಗಾತ್ರವನ್ನನುಸರಿಸಿ ವಂತಿಗೆ ನಿಗದಿಯಾಗುತ್ತದೆ. ಉಳಿದುದು ಊರಿನ ಚಂದಾ ಹಣ. ತನ್ನ ಕಲೆಯ ಭಾರವನ್ನು ತಾನೇ ಹೊತ್ತುಕೊಳ್ಳುವ ಸಮಾಜವೊಂದು ಇಲ್ಲಿರುವುದು ಪರಮ ಗೌರವಕ್ಕೆ ಅರ್ಹವಾದ ಸಂಗತಿ.

ಹಾಗಿದ್ದಮೇಲೆ ಸರ್ಕಾರದ ಹಣ ಏತಕ್ಕೆ ಎಂದು ಕೇಳುವವರುಂಟು. ಈ ವಂತಿಗೆಯ ಪದ್ಧತಿಯಲ್ಲಿಯೇ ಅದಕ್ಕೆ ಉತ್ತರವಿದೆ. ಕಂಠವಿದ್ದು ಕೈಯಲ್ಲಿ ಕಾಸಿಲ್ಲದ ಕೂಲಿಕಾರನ ಮಗನಿಗೆ ಕೃಷ್ಣನ ಪಾತ್ರ ದೊರೆಯುವುದು ದುರ್ಲಭ. ಅವನು ಸಾರಥಿಯಾಗಿಯೋ ದೂತನಾಗಿಯೋ ಒಂದು ಮಾತನ್ನಾಡಿ ಒಳಗೆ ಹೋಗಬೇಕಾಗುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ನೋಂದಾಯಿತ ಸಂಘಗಳಿಗೆ ನೀಡುವ ಧನಸಹಾಯವು ಮೊತ್ತದಲ್ಲಿ ಅಲ್ಪವಾದರೂ, ದೊರೆತ ವರ್ಷದಲ್ಲಿ ಅಂತಹವನ ವಂತಿಗೆಯನ್ನು ತುಂಬಿಕೊಡಬಲ್ಲದು. ಮೇಷ್ಟ್ರಿಗೆ ಮಳೆಗಾಲದ ತಿಂಗಳುಗಳಲ್ಲಿಯೂ ಹುಡುಗರಿಗೆ ಪಾಠ ಹೇಳುವುದಕ್ಕೆ ಆಧಾರವಾಗಬಲ್ಲದು. ಊರಿನ ಚಂದಾ ಪ್ರದರ್ಶನಕ್ಕೆ ಬರುತ್ತದೆಯೇ ಹೊರತು ಕಲಿಕೆಗೆ ಬರುವುದಿಲ್ಲ. ಪಾತ್ರಕ್ಕೂ ಹಣಕ್ಕೂ ಇರುವ ಗಂಟನ್ನು ಸಡಿಲಿಸುವ ಶಕ್ತಿ ಸಾರ್ವಜನಿಕ ಹಣಕ್ಕೆ ಮಾತ್ರ ಇದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಧನಸಹಾಯವನ್ನು ಪಡೆಯುವ ದಾರಿ ಸುಗಮವೇನಲ್ಲ. 1960ರ ಸಂಘಗಳ ನೋಂದಣಿ ಅಧಿನಿಯಮದಂತೆ ಸಂಘವು ನೋಂದಣಿಯಾಗಿರಬೇಕು, ಲೆಕ್ಕಪರಿಶೋಧನೆಯ ವರದಿ ಇರಬೇಕು, ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ತುಂಬಬೇಕು, ಬಂದ ಹಣಕ್ಕೆ ಬಳಕೆ ಪ್ರಮಾಣಪತ್ರವನ್ನು ಒಪ್ಪಿಸಬೇಕು. ಸಾರ್ವಜನಿಕರ ಹಣಕ್ಕೆ ಲೆಕ್ಕ ಕೇಳುವುದು ಸರಿಯೇ. ಆದರೆ ಇಷ್ಟನ್ನೆಲ್ಲ ಪೂರೈಸಿ ಕಾದಿರುವ ಮಂಡಳಿಗೆ ‘ಮಿತವ್ಯಯದ ಕಾರಣ ಅನುದಾನ ಲಭ್ಯವಿಲ್ಲ’ ಎಂಬ ಉತ್ತರ ಬಂದಾಗ ಆಗುವ ನೋವು ಬೇರೆಯದೇ.

2020ರಲ್ಲಿ ಕೋವಿಡ್ ಕಾರಣದಿಂದ ಯುಗಾದಿಯ ದಿನವೇ ದೇಶದ ಬಾಗಿಲು ಮುಚ್ಚಿತು. ನಾಟಕಗಳ ಕಾಲವೂ ಅದೇ. ಮರುವರ್ಷದ ವಸಂತವೂ ಹಾಗೆಯೇ ಕಳೆಯಿತು. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಘೋಷಿಸಿದ 1,250 ಕೋಟಿ ರೂಪಾಯಿಗಳ ಪರಿಹಾರದಲ್ಲಿ ಕಲಾವಿದರಿಗೂ ಕಲಾತಂಡಗಳಿಗೂ ತಲಾ 3,000 ರೂಪಾಯಿ ಸಂದಿತು. ಹಸಿದವರಿಗೆ ಅದೂ ಒಂದು ಆಸರೆಯಾಯಿತೆಂಬುದನ್ನು ಮರೆಯಲಾಗದು. ಬೊಕ್ಕಸ ಬಡವಾದಾಗ ಮೊದಲು ಕತ್ತರಿ ಬೀಳುವುದು ಇಂತಹ ಸಣ್ಣ ಬಾಬುಗಳಿಗೇ. ಇದು ನಮ್ಮಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಕಲಾಪೋಷಣೆಯು ಸರ್ಕಾರದ ಧರ್ಮವೆಂದು ಸಾರಿದ ಇಂಗ್ಲೆಂಡಿನಲ್ಲಿಯೇ 2010ರ ವೆಚ್ಚಕಡಿತದಲ್ಲಿ ಆ ಸಂಸ್ಥೆಯ ಅನುದಾನದಿಂದ ಸುಮಾರು ಶೇಕಡ 30ರಷ್ಟನ್ನು ಇಳಿಸಲಾಯಿತು. ನಾಲ್ಕು ಲಕ್ಷ ಕೋಟಿ ರೂಪಾಯಿಗಳನ್ನು ಮೀರಿದ ನಮ್ಮ ರಾಜ್ಯದ ಇಂದಿನ ಆಯವ್ಯಯದಲ್ಲಿ ಹಳ್ಳಿಯ ಮಂಡಳಿಗಳಿಗೆ ಸಲ್ಲುವ ಪಾಲು ಬಿಂದುಮಾತ್ರ. ಅದನ್ನು ಕಡಿದು ಬೊಕ್ಕಸ ತುಂಬಿದುದುಂಟೆಂದು ಯಾರೂ ಹೇಳಲಾರರು. ಅದೇ ಬಿಂದು ಹಳ್ಳಿಗೆ ಬಂದಾಗಲಾದರೋ, ಅದರ ಜೊತೆಗೆ ಅದಕ್ಕಿಂತ ಹಲವುಪಟ್ಟು ಚಂದಾ ಹಣವೂ ಲೆಕ್ಕಕ್ಕೆ ಸಿಗದಷ್ಟು ದುಡಿಮೆಯೂ ಕೂಡಿಕೊಳ್ಳುತ್ತವೆ.

ಕಡಿತ ಅನಿವಾರ್ಯವೆನ್ನುವುದಾದರೂ ಒಂದು ಉಪಕಾರವನ್ನು ಖರ್ಚಿಲ್ಲದೆಯೇ ಮಾಡಬಹುದು. ಆರ್ಥಿಕ ವರ್ಷವು ಮಾರ್ಚ್ 31ಕ್ಕೆ ಮುಗಿಯುವುದರಿಂದ ಹಣದ ಬಿಡುಗಡೆಯೂ ಆ ಕೊನೆಯ ವಾರಗಳಿಗೆ ನೂಕಲ್ಪಡುವುದುಂಟು. ಮಂಡಳಿಯವರಾದರೋ ಸಂಕ್ರಾಂತಿಯ ಸುಮಾರಿಗೇ ನಾಟಕವನ್ನು ಗೊತ್ತುಮಾಡಿ, ಪಾತ್ರಗಳನ್ನು ಹಂಚಿ, ಮೇಷ್ಟ್ರಿಗೂ ಸೀನರಿಯವರಿಗೂ ಮುಂಗಡ ಕೊಡಬೇಕು. ಧನಸಹಾಯ ಎಷ್ಟೇ ಇರಲಿ, ಅದು ದೊರೆಯುವುದೋ ಇಲ್ಲವೋ ಎಂಬುದನ್ನು ದೀಪಾವಳಿಯೊಳಗೆ ತಿಳಿಸಿ, ದೊರೆಯುವುದಾದರೆ ಅರ್ಧವನ್ನಾದರೂ ಪುಷ್ಯಮಾಸದಲ್ಲಿ ಕೈಗಿತ್ತರೆ, ಪಾತ್ರ ಹಂಚುವ ರಾತ್ರಿ ಮಧುರೆ ಸೀಮೆಯ ಮೇಷ್ಟ್ರೊಬ್ಬರು ವಂತಿಗೆಯ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಹುಡುಗರ ಶಾರೀರವನ್ನು ಕೇಳಬಹುದು.