ಮಕ್ಕಳ ನಾಡಿನಲ್ಲಿ ಮುಪ್ಪಿನ ದಿನಗಳು

ನಿವೃತ್ತಿಯ ಬಳಿಕ ಕೆನಡಾದಲ್ಲಿರುವ ಮಕ್ಕಳೊಡನೆ ಕೆಲಕಾಲ ಬಾಳಬಯಸುವ ತಂದೆತಾಯಂದಿರು ನಮ್ಮ ಕುಟುಂಬಗಳಲ್ಲಿ ಹಲವರು. ಯಾವ ವೀಸಾ ಆರಿಸಬೇಕು? ವೀಸಾ ಸಾಧನ ಮಾತ್ರ. ಉದ್ದೇಶವನ್ನು ಮೊದಲು ನಿಶ್ಚಯಿಸೋಣ.

ಮೊಮ್ಮಗುವಿನ ಜ್ಞಾನಸ್ನಾನಕ್ಕೆ ಹೋಗಿ ಮರಳುವವರಿಗೆ ಸಂದರ್ಶಕ ವೀಸಾ ಸಾಕು. ಅದರಲ್ಲಿ ಸಾಮಾನ್ಯವಾಗಿ 6 ತಿಂಗಳ ವಾಸಕ್ಕೆ ಅವಕಾಶವುಂಟು. ದೀರ್ಘವಾಸಕ್ಕೆ 2011ರಲ್ಲಿ ಆರಂಭವಾದ ‘ಸೂಪರ್ ವೀಸಾ’ ಇದೆ. 2022ರ ಜುಲೈಯಿಂದ ಇದರಡಿ ಒಮ್ಮೆ ಹೋದವರು 5 ವರ್ಷಗಳವರೆಗೆ ಉಳಿಯಬಹುದು. ಇದಕ್ಕಾಗಿ ಅಲ್ಲಿನ ಪೌರತ್ವ ಅಥವಾ ಖಾಯಂ ನಿವಾಸದ ಹಕ್ಕುಳ್ಳ ಮಗ ಇಲ್ಲವೆ ಮಗಳು ಆಹ್ವಾನಪತ್ರ ನೀಡಿ, ನಿಗದಿತ ಆದಾಯವನ್ನು ತೋರಿಸಬೇಕು. ಹೆತ್ತವರು ವೈದ್ಯಕೀಯ ತಪಾಸಣೆಗೆ ಒಳಗಾಗಬೇಕು. ಕನಿಷ್ಠ 1 ವರ್ಷದ ಅವಧಿಗೆ 1 ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆಯೂ ಇರಬೇಕು.

ಈ ವಿಮೆಯ ಬಗ್ಗೆ ಉದಾಸೀನ ಸಲ್ಲದು. ಸಂದರ್ಶಕರ ಆಸ್ಪತ್ರೆಯ ವೆಚ್ಚವನ್ನು ಅಲ್ಲಿನ ಸರಕಾರ ಸಾಮಾನ್ಯವಾಗಿ ಭರಿಸುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮುಚ್ಚಿಟ್ಟು ವಿಮೆ ಮಾಡಿಸಿದರೆ ಆಪತ್ತಿನಲ್ಲಿ ಪರಿಹಾರ ನಿರಾಕರಿಸಲ್ಪಡಬಹುದು; ಸಾಲದ ಹೊರೆ ಮಕ್ಕಳ ಮೇಲೆ ಬೀಳುವುದು.

ಇನ್ನೊಂದು ಮಾತು: ಈ ವೀಸಾ ದೀರ್ಘ ವಾಸಕ್ಕೆ ಅನುಮತಿಯೇ ಹೊರತು ಖಾಯಂ ನೆಲೆಯಲ್ಲ. ಆದುದರಿಂದ ಇದನ್ನೇ ನೆಚ್ಚಿ ಊರಿನ ಮನೆಯನ್ನು ಮಾರದಿರೋಣ. ಮರಳಿ ಬರಲು ಸ್ವಂತ ಸೂರಿದ್ದರೆ ಮಕ್ಕಳ ಮನೆಯಲ್ಲಿಯೂ ಮನಸ್ಸು ನಿಶ್ಚಿಂತವಾಗಿರುವುದು.